1966ರ ಎಂಜಿಬಿ ರೋಡ್‌ಸ್ಟರ್: ಕ್ಯಾಟಲಾಗಿನಾಗ ಒಂದ ಬಿಡಿಭಾಗಕ್ಕ ಮೂರು ನಂಬರ್, ನಮ್ಮದು ಯಾವ್ದು?

ಟಿಳಕವಾಡಿ_66

ನಮಸ್ಕಾರ್ರಿ. ಬೆಳಗಾವಿಯೊಳಗ ಒಂದು ಎಂಜಿಬಿ ರೋಡ್‌ಸ್ಟರ್ (ಎಂಜಿ ಕಂಪನಿಯ ಎರಡು ಸೀಟಿನ ತೆರೆದ ಕಾರು) ಪೂರ್ತಿ ಬಿಚ್ಚಿ ಇಟ್ಟೈತಿ, ಇಂಜಿನ್ನೂ ಹೊರಗ ಐತಿ. ಪಾರ್ಟ್ಸ್ ಆರ್ಡರ್ ಮಾಡೂಕಿಂತ ಮೊದಲ ಇಲ್ಲಿ ಕೇಳೂಣ ಅಂತ.

ಚಾಸಿ ಪ್ಲೇಟ್ ಮ್ಯಾಲ ಜಿಎಚ್‌ಎನ್3 ಅಂತ ಸುರು ಆಗೂ ನಂಬರ್ ಐತಿ, ಆರ್‌ಸಿಯೊಳಗೂ ಅದ. ಇಂಜಿನ್ ನಂಬರಿನ ಪ್ಲೇಟ್ ಮಾತ್ರ ಇಲ್ಲ, ಬ್ಲಾಕಿನ ಮ್ಯಾಲ ಬರೇ ರಿವೆಟ್ ತೂತು. ವೈರ್ ವ್ಹೀಲ್. ಡೈನಮೋ ತಗದು ಯಾರೋ ಆಲ್ಟರ್ನೇಟರ್ ಹಾಕ್ಯಾರ, ಆರ್‌ಪಿಎಂ ಮೀಟರ್ ಅಲ್ಲಾಡೂದಿಲ್ಲ. ಬಿಚ್ಚೂಕಿಂತ ಮೊದಲ ಬಲಗಡೆ ಹಿಂದಿನ ಗಾಲಿಯ ನಟ್ ಎಷ್ಟ ಬಡದು ಬಿಗಿ ಮಾಡಿದ್ರೂ ಹತ್ತ-ಹದಿನೈದು ಕಿಲೋಮೀಟರಿಗೆ ಸಡ್ಲ ಆಗ್ತಿತ್ತು.

ಕೇಳೂದು ಇಷ್ಟ:

ಕ್ಯಾಟಲಾಗಿನಾಗ ಬೇರಿಂಗ್, ಪಿಸ್ಟನ್, ಹಬ್ (ಗಾಲಿ ಕೂಡೂ ಗುಂಬ), ಎಲ್ಲಾದಕ್ಕೂ ಎರಡು-ಮೂರು ನಂಬರ್ ಅದಾವ. ಇಂಜಿನ್ ಪ್ಲೇಟ್ ಇಲ್ಲದ ನಮ್ಮದು ಯಾವ್ದು ಅಂತ ಹೆಂಗ ಗೊತ್ತಾಗಬೇಕು? ಅಂಬಾಸಿಡರ್ ಇಂಜಿನ್ನೂ ಇದ ಜಾತಿದು, ಅದರ ಸಾಮಾನ ಕೂಡತಾವ ಅಂತಾರ, ಖರೇ ಏನು? ಯಾವ್ದು ಇಲ್ಲೇ ಉದ್ಯಮಬಾಗದ ವರ್ಕ್‌ಶಾಪಿನಾಗ ಮಾಡಿಸಬಹುದು, ಯಾವ್ದು ಇಂಗ್ಲೆಂಡಿನಿಂದನ ತರಸಬೇಕು?

---

ಹಳೇಗಾಡಿ_ಕೆಎ22

ಪಾರ್ಟ್ ಹುಡುಕುವ ಮೊದಲು ನಂಬರ್ ಓದುವುದು. ಜಿ ಅಂದರೆ ಎಂಜಿ. ಎಚ್ ಅಂದರೆ 1400ರಿಂದ 1999 ಸಿಸಿ ವರ್ಗದ ಇಂಜಿನ್. ಎನ್ ಅಂದರೆ ಎರಡು ಸೀಟಿನ ತೆರೆದ ಗಾಡಿ. ಜಿಟಿ ಆಗಿದ್ದರೆ ಅಲ್ಲಿ ಡಿ ಇರುತ್ತಿತ್ತು. 3 ಅನ್ನುವುದು ಸರಣಿ. ಆದರೆ ಈ 3 ಒಂದೇ 1962ರಿಂದ 1967ರವರೆಗೆ ನಡೆದಿದೆ. ಆ ಐದು ವರ್ಷದೊಳಗೆ ಇಂಜಿನ್ನಿನ ಹೊಟ್ಟೆಯೇ ಬದಲಾಯಿತು, ಬಾಗಿಲಿನ ಹಿಡಿಕೆ ಬದಲಾಯಿತು. ಹಾಗಾಗಿ "ಜಿಎಚ್‌ಎನ್3ಗೆ ಬೇಕು" ಅಂತ ಬರೆದರೆ ಅಂಗಡಿಯವನು ಕಳಿಸುವುದು ಅರ್ಧ ಊಹೆ. ಪೂರ್ತಿ ನಂಬರ್ ಕೊಡಿ, ಕ್ಯಾಟಲಾಗಿನಲ್ಲಿ "ಇಂಥ ನಂಬರಿನಿಂದ ಇಂಥ ನಂಬರಿನ ತನಕ" ಅನ್ನುವ ಸಾಲು ನೋಡಿ. ಇನ್ನೊಂದು ಮಾತು: ಇಂಜಿನ್ ಪಾರ್ಟ್‌ಗಳು ಇಂಜಿನ್ ನಂಬರಿನ ಮೇಲೆ ಹೋಗುತ್ತವೆ, ಚಾಸಿ ನಂಬರಿನ ಮೇಲಲ್ಲ. ಆಕ್ಸಲ್ಲಿನದು ಮೂರನೇ ಲೆಕ್ಕ. ಅರವತ್ತು ವರ್ಷದ ಗಾಡಿಯಲ್ಲಿ ಈ ಮೂರೂ ಒಂದೇ ಮನೆಯವು ಅಂತ ನಂಬಬಾರದು.

ನಿಮ್ಮ ಗಾಡಿ 1966ರದ್ದಾದರೆ ಇರಬೇಕಾದದ್ದು 18ಜಿಬಿ ಇಂಜಿನ್ (ಇಂಜಿನ್ ನಂಬರ್ ಶುರುವಾಗುವುದೇ ಈ ಗುರುತಿನಿಂದ). ಪ್ಲೇಟ್ ಇಲ್ಲದಿದ್ದರೂ ಇಂಜಿನ್ ಹೊರಗಿದೆಯಲ್ಲ, ಸಂಪ್ (ಕೆಳಗಿನ ಎಣ್ಣೆ ತಟ್ಟೆ) ತೆಗೆದು, ಕ್ರ್ಯಾಂಕ್ ಶಾಫ್ಟನ್ನು ಹಿಡಿದಿರುವ ಮೇನ್ ಬೇರಿಂಗ್ ಕ್ಯಾಪ್ ಎಣಿಸಿ. ಮೂರು ಇದ್ದರೆ 18ಜಿ ಅಥವಾ 18ಜಿಎ, ಅಂದರೆ 1964ರ ಅಕ್ಟೋಬರ್‌ಗಿಂತ ಹಿಂದಿನದು. ಐದು ಇದ್ದರೆ 18ಜಿಬಿ ಅಥವಾ ಅದರ ಮುಂದಿನದು. ಮುಂದಿನದನ್ನು ಬೇರೆ ಮಾಡಲು ಸ್ಟಾರ್ಟರ್ ನೋಡಿ. ಮೈಮೇಲೆ ಸೊಲೆನಾಯ್ಡ್ (ವಿದ್ಯುತ್ ಸ್ವಿಚ್ಚಿನ ಸಣ್ಣ ಸಿಲಿಂಡರ್) ಹೊತ್ತ ಸ್ಟಾರ್ಟರ್ 1967ರ ಕೊನೆಗೆ ಬಂದ ಮಾರ್ಕ್ 2ರ ಕಾಲದ್ದು. ಬೆಂಡಿಕ್ಸ್ (ಸ್ಟಾರ್ಟರಿನ ಸಣ್ಣ ಗೇರ್) ಹಾರಿ ರಿಂಗ್ ಗೇರ್ ಹಿಡಿಯುವ ಹಳೇ ಮಾದರಿಯಾದರೆ 18ಜಿಬಿ ತನಕದ್ದು. ಮಾರ್ಕ್ 2ರಲ್ಲಿ ಮೊದಲನೇ ಗೇರಿಗೂ ಸಿಂಕ್ರೊ ಬಂತು, ಗೇರ್‌ಬಾಕ್ಸ್ ಬದಲಾದ್ದಕ್ಕೆ ಇಂಜಿನ್ನಿನ ಬೆನ್ನಿನ ಪ್ಲೇಟೂ ಬದಲಾಯಿತು. ಪಿಸ್ಟನ್ ತೆಗೆದಾಗ ಗಜನ್ ಪಿನ್ (ಪಿಸ್ಟನ್ನನ್ನು ರಾಡಿಗೆ ಜೋಡಿಸುವ ಪಿನ್) ನೋಡಿ: ಮೂರು ಬೇರಿಂಗಿನ ಇಂಜಿನ್ನಿನಲ್ಲಿ ರಾಡಿನ ತಲೆ ಬೋಲ್ಟಿನಿಂದ ಪಿನ್ನನ್ನು ಅವುಚಿ ಹಿಡಿದಿರುತ್ತದೆ, 18ಜಿಬಿಯಲ್ಲಿ ಪಿನ್ ಸಡಿಲಾಗಿ ತಿರುಗುತ್ತದೆ, ಎರಡು ತುದಿಗೂ ಸರ್ಕ್ಲಿಪ್ (ಸ್ಪ್ರಿಂಗಿನಂಥ ಬಳೆ). ಪಿಸ್ಟನ್ ಸೆಟ್ ತಪ್ಪಾಗಿ ಬರುವುದು ಹೆಚ್ಚಾಗಿ ಇದೇ ಜಾಗದಲ್ಲಿ. ಬೋರ್ ಒಂದೇ 80.26 ಮಿಮೀ, ಫೋಟೋದಲ್ಲಿ ನೋಡಿದರೆ ಒಂದೇ ಥರ, ರಾಡಿಗೆ ಮಾತ್ರ ಕೂಡುವುದಿಲ್ಲ.

ಬ್ಲಾಕಿನ ಮೇಲೆ ಎರಕದಲ್ಲೇ ಮೂಡಿದ ನಂಬರನ್ನು ಪಾರ್ಟ್ ನಂಬರ್ ಅಂತ ಹುಡುಕಬೇಡಿ. ಒಂದೇ ಎರಕಕ್ಕೆ ಬೇರೆ ಬೇರೆ ಮಷಿನಿಂಗ್ ಮಾಡಿ ಬೇರೆ ಬೇರೆ ಪಾರ್ಟ್ ಮಾಡುತ್ತಿದ್ದರು.

ಮೂಲ ಇಂಜಿನ್ ನಂಬರ್ ಬೇಕೆಂದರೆ ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂಗೆ ಚಾಸಿ ನಂಬರ್ ಕೊಟ್ಟು ಹೆರಿಟೇಜ್ ಸರ್ಟಿಫಿಕೇಟ್ ತರಿಸಿ. ಕಾರ್ಖಾನೆಯ ದಾಖಲೆ ಪ್ರಕಾರ ಗಾಡಿ ಕಟ್ಟಿದ ದಿನ, ಇಂಜಿನ್ ನಂಬರ್, ಬಣ್ಣ, ಯಾವ ದೇಶಕ್ಕೆ ಹೋಯಿತು, ಎಲ್ಲ ಅದರಲ್ಲಿ ಬರುತ್ತದೆ. ಅದು ಬರುವ ತನಕ ಬಣ್ಣಕ್ಕೂ ಇಂಜಿನ್ನಿಗೂ ದುಡ್ಡು ಹಾಕಬೇಡಿ.

ಸಣ್ಣವು: ಲೂಕಸ್ ಡಿಸ್ಟ್ರಿಬ್ಯೂಟರಿನ ಮೈಮೇಲೆ ಐದಂಕಿಯ ನಂಬರೂ ತಯಾರಾದ ವಾರ-ವರ್ಷವೂ ಒತ್ತಿರುತ್ತದೆ, ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ಓದಿ. ನಿಮ್ಮದು 25ಡಿ4 ಮಾದರಿ ಇರಬೇಕು. ಎಸ್‌ಯು ಎಚ್‌ಎಸ್4 ಕಾರ್ಬುರೇಟರ್‌ನ ತಗಡಿನ ಬಿಲ್ಲೆ ಫ್ಲೋಟ್ ಬೌಲ್ ಮುಚ್ಚಳದ ಸ್ಕ್ರೂ ಕೆಳಗೆ ಇರುತ್ತಿತ್ತು, ಈಗ ಬಹುಪಾಲು ಗಾಡಿಗಳಲ್ಲಿ ಇಲ್ಲ. ಆಗ ಪಿಸ್ಟನ್ ಎತ್ತಿ ಸೂಜಿ ಬಿಚ್ಚಿ, ಕಾಂಡದ ಮೇಲಿನ ಅಕ್ಷರ ಭೂತಗನ್ನಡಿಯಲ್ಲಿ ಓದಿ. ಎರಡೂ ಕಾರ್ಬುರೇಟರಿನಲ್ಲಿ ಒಂದೇ ಗುರುತು ಇರಬೇಕು. ಬೇರೆ ಬೇರೆ ಇದ್ದರೆ ಎಷ್ಟು ಟ್ಯೂನ್ ಮಾಡಿದರೂ ಸಾಲದು. ಜೆಟ್‌ಗಳು ಮುಂದಿನದಕ್ಕೊಂದು, ಹಿಂದಿನದಕ್ಕೊಂದು. ಎರಡು ಒಂದೇ ನಂಬರ್ ಆರ್ಡರ್ ಮಾಡುವ ತಪ್ಪು ಎಲ್ಲರದೂ.

---

ಉದ್ಯಮಬಾಗ_ಲೇಥ್

ಮ್ಯಾಲಿನವರು ನಂಬರ್ ಹೇಳ್ಯಾರ, ನಾ ಅಳತಿ ಹೇಳ್ತೀನಿ.

ಮೊದಲ ಅಂಬಾಸಿಡರ್ ಮಾತು. ಜಾತಿ ಒಂದ, ಬಿಎಂಸಿ ಬಿ-ಸೀರೀಸ್, ಅದು ಖರೇ. ಸ್ಟ್ರೋಕೂ ಒಂದ, 88.9 ಮಿಮೀ. ಆದ್ರ ಅಂಬಾಸಿಡರ್ ಪೆಟ್ರೋಲ್ ಇಂಜಿನ್ 1489 ಸಿಸಿ, ಬೋರ್ 73 ಮಿಮೀ ಚಿಲ್ಲರೆ; ನಿಮ್ಮದು 1798 ಸಿಸಿ, 80.26. ಅಂದ್ರ ಪಿಸ್ಟನ್, ರಿಂಗ್, ಹೆಡ್ ಗ್ಯಾಸ್ಕೆಟ್ ಎಲ್ಲಾ ಬ್ಯಾರೆ. ಅದರ ಕ್ರ್ಯಾಂಕ್ ಮೂರು ಬೇರಿಂಗಿಂದು, ನಿಮ್ಮ ಐದರ ಬ್ಲಾಕಿಗೆ ಕೂಡೂ ಮಾತ ಇಲ್ಲ. ರಾಕರ್ ಕವರ್ ಗ್ಯಾಸ್ಕೆಟ್, ಬಾಜೂಕ ಇರೂ ಟ್ಯಾಪೆಟ್ ಕವರಿನ ಪ್ಯಾಕಿಂಗ್, ಇಂಥಾವು ಕೂಡತಾವ; ಹಳೇದರ ಮ್ಯಾಲ ಇಟ್ಟು ತೂತು ನೋಡಿ ತಗೋರಿ. ಇದಕ್ಕಿಂತ ಹಿಂದಿನ ಎಮ್‌ಜಿಎ 1500 ಗಾಡಿ ಇದ್ದಿದ್ರ ಮಾತು ಬ್ಯಾರೆ ಇತ್ತು, ಅದು 1489 ಸಿಸಿದ. ಎಂಜಿಬಿಗೆ ಅಂಬಾಸಿಡರ್ ಸಾಮಾನ ಹುಡುಕ್ಕೋತ ಹೋದ್ರ ರೊಕ್ಕ ಉಳಿಯೂದಿಲ್ಲ, ದಿನ ಹೋಗತಾವ.

ಈಗ ಥ್ರೆಡ್. ಈ ಗಾಡಿಯೊಳಗ ಹೆಚ್ಚಿನವು ಯುಎನ್‌ಎಫ್ (ಸಣ್ಣ ಹಲ್ಲಿನ ಇಂಚು ಥ್ರೆಡ್), ಎರಕದಾಗ ಹೋಗೂ ಕೆಲವು ಯುಎನ್‌ಸಿ (ದಪ್ಪ ಹಲ್ಲಿಂದು), ಕಾರ್ಬುರೇಟರಿನಾಗ ಬಿಎ (ಸಣ್ಣ ಸ್ಕ್ರೂಗಳ ಹಳೇ ಬ್ರಿಟಿಷ್ ಥ್ರೆಡ್). ಮಿಲಿಮೀಟರ್ ನಟ್-ಬೋಲ್ಟ್ ಒಂದೂ ಇರಬಾರದು. ಇದ್ರ ಯಾರೋ ಮೊದಲ ಕೈ ಹಾಕ್ಯಾರ ಅಂತ ತಿಳೀರಿ, ಆ ಜಾಗಾ ಮತ್ತ ತಪಾಸ್ ಮಾಡ್ರಿ. ಪಾನಾ ಲೆಕ್ಕ: ಕಾಲಿಂಚಿನ ಬೋಲ್ಟಿಗೆ 7/16, 5/16ಕ್ಕ 1/2, 3/8ಕ್ಕ 9/16, ಅರ್ಧಾ ಇಂಚಿಗೆ 3/4.

ಎಲ್ಲಕ್ಕಿಂತ ಖತರನಾಕ್ ಜಾಗಾ ಬ್ರೇಕ್ ಪೈಪಿನ ನಟ್. ಮೂಲ ಥ್ರೆಡ್ 3/8 ಇಂಚು, ಇಂಚಿಗೆ 24 ಹಲ್ಲು. ಬಜಾರದಾಗ ಸಿಗೂದು ಎಂ10 (10 ಮಿಮೀ ಥ್ರೆಡ್), ಪಿಚ್ ಅಂದ್ರ ಹಲ್ಲಿನ ಅಂತರ 1 ಮಿಮೀ. 3/8 ಅಂದ್ರ 9.52 ಮಿಮೀ, ಪಿಚ್ 1.058. ಎಂ10 ನಟ್ 3/8ರ ತೂತಿನಾಗ ಹೋಗೂದಿಲ್ಲ, ಅದು ಪುಣ್ಯಾ. ತಿರುಗಾಮುರುಗಾ ಆದ್ರ, ಅಂದ್ರ ಎಂ10 ತೂತಿನ ಹೊಸಾ ಜಾಯಿಂಟಿಗೆ 3/8 ನಟ್ ಹಾಕಿದ್ರ, ಬೆಣ್ಣಿ ಹಂಗ ಕೂಡತೈತಿ. ಕೈಲೆ ಬಿಗಿ ಆದಂಗೂ ಆಗತೈತಿ. ಜೋರ ಬ್ರೇಕ್ ತುಳದಾಗ ಥ್ರೆಡ್ ಜಾರಿ ಹೊರಗ ಬರತೈತಿ. ಪಿಚ್ ಗೇಜ್ ಹಚ್ಚದ ಒಂದ ನಟ್ಟೂ ಹಾಕಬ್ಯಾಡ್ರಿ. ಪೈಪು 3/16 ಇಂಚು, ಇಲ್ಲಿ 4.75 ಮಿಮೀ ಅಂತ ಸಿಗೂದ ಅದು, ಪೈಪಿನ ಚಿಂತಿ ಇಲ್ಲ. ತುದಿಯ ಫ್ಲೇರ್ (ಅಗಲ ಮಾಡಿದ ಬಾಯಿ) ಆಕಾರ ಮಾತ್ರ ತಗದ ಹಳೇ ಪೈಪ್ ನೋಡಿ ಹಂಗ ಮಾಡಸ್ರಿ. ಗುಂಡಗಿದ್ದಲ್ಲಿ ಒಳಗ ಮಡಚಿದ್ದು ಹಾಕಿದ್ರ ಸೋರತೈತಿ, ಸೋರತೈತಂತ ಮತ್ತಷ್ಟು ಬಿಗಿ ಮಾಡಿದ್ರ ಸೀಟ್ ಹಾಳಾಗತೈತಿ.

ಇಲ್ಲೇ ಮಾಡಿಸಬಹುದಾದ್ದು: ಕ್ರ್ಯಾಂಕ್ ಗ್ರೈಂಡಿಂಗ್, ಬೋರಿಂಗ್, ಫ್ಲೈವ್ಹೀಲ್ ಫೇಸಿಂಗ್, ಕಿಂಗ್‌ಪಿನ್ ಬುಶ್ ಕೂಡ್ಸೂದು-ರೀಮ್ ಮಾಡೂದು, ಎಕ್ಸಾಸ್ಟ್ ವಾಲ್ವಿಗೆ ಗಟ್ಟಿ ಸೀಟ್ ಹಾಕೂದು, ಮಾಸ್ಟರ್ ಸಿಲಿಂಡರಿಗೆ ಸ್ಲೀವ್. ಹೈಡ್ರಾಲಿಕ್ ಕೆಲಸದ ಊರಿನಾಗ ಮುಕ್ಕಾಲು ಇಂಚಿನ ಬೋರ್ ಹೋನ್ ಮಾಡೂದು ದೊಡ್ಡ ಮಾತಲ್ಲ. ಎರಡು ಎಚ್ಚರಿಕಿ. ಒಂದು, ಪಿಸ್ಟನ್ ಕೈಗೆ ಬರೂಕಿಂತ ಮೊದಲ ಬೋರಿಂಗ್ ಮಾಡಿಸಬ್ಯಾಡ್ರಿ. ಡಬ್ಬಿ ಮ್ಯಾಲ ಪ್ಲಸ್ 20 ಥೌ, ಪ್ಲಸ್ 30 ಥೌ (ಥೌ ಅಂದ್ರ ಇಂಚಿನ ಸಾವಿರದೊಳಗ ಒಂದು ಪಾಲು) ಅಂತ ಬರದಿದ್ರೂ ನಾಲ್ಕೂ ಪಿಸ್ಟನ್ ಮೈಕ್ರೋಮೀಟರಿನಾಗ ಅಳದು, ಅದಕ್ಕ ತಕ್ಕಂಗ ಬೋರ್ ಮಾಡಸ್ರಿ. ಎರಡು, ಕ್ರ್ಯಾಂಕ್ ಗ್ರೈಂಡ್ ಮಾಡುವಾಗ ಜರ್ನಲ್ಲಿನ (ಬೇರಿಂಗಿನಾಗ ತಿರುಗೂ ಭಾಗದ) ಮೂಲ್ಯಾಗ ಇರೂ ಗುಂಡ ರೇಡಿಯಸ್ ಉಳೀಬೇಕು. ಚೂಪ ಮೂಲಿ ಬಿಟ್ರ ಅಲ್ಲೇ ಬಿರುಕ ಬಿಡತೈತಿ. ಮೇನ್ ಜರ್ನಲ್ ಸ್ಟ್ಯಾಂಡರ್ಡ್ ಇದ್ರ 2.126 ಇಂಚಿನ ಆಸುಪಾಸು, ಬಿಗ್ ಎಂಡ್ (ರಾಡ್ ಕೂಡೂ ಜರ್ನಲ್) 1.876. ಬೇರಿಂಗ್ ಮೈನಸ್ 10, 20, 30, 40 ಥೌ ಸಿಗತಾವ. ಮೊದಲ ಅಳೀರಿ, ಆಮ್ಯಾಲ ಬೇರಿಂಗ್ ಆರ್ಡರ್.

ಹೊಸಾ ಕ್ಯಾಮ್ ಫಾಲೋವರ್ (ಕ್ಯಾಮ್ ಮ್ಯಾಲ ತಿಕ್ಕಿ ವಾಲ್ವ್ ಎತ್ತೂ ತುಂಡು) ಬಂದ್ರ ಎಂಟೂ ತಗೊಂಡು ಹೋಗಿ ಯಾವ್ದರ ಹೀಟ್ ಟ್ರೀಟ್‌ಮೆಂಟ್ ಅಂಗಡ್ಯಾಗ ರಾಕ್‌ವೆಲ್ ಹಾರ್ಡ್‌ನೆಸ್ ನೋಡಸ್ರಿ. ತಪಾಸಣಿಯ ಗುರುತು ಬಾಜೂಕ ಮಾಡಸ್ರಿ, ಕ್ಯಾಮ್ ತಿಕ್ಕೂ ಮುಖದ ಮ್ಯಾಲ ಅಲ್ಲ. ಒಂದ ಮೆತ್ತಗ ಬಂದ್ರ ಇಡೀ ಸೆಟ್ ವಾಪಸ್. ಮೆತ್ತನ್ನ ಫಾಲೋವರ್ ತಾ ಸವೀತೈತಿ, ಕ್ಯಾಮನ್ನೂ ತಿಂತೈತಿ, ಆ ಪುಡಿ ಎಣ್ಣ್ಯಾಗ ಕೂಡಿ ಹೊಸಾ ಬೇರಿಂಗಿಗೂ ಹೋಗತೈತಿ. ಹೊಸಾ ಫಾಲೋವರ್ ಹಳೇ ಕ್ಯಾಮ್ ಮ್ಯಾಲ ನಡೀತೈತಿ. ಹಳೇ ಫಾಲೋವರ್ ಹೊಸಾ ಕ್ಯಾಮ್ ಮ್ಯಾಲ ಎಂದೂ ಬ್ಯಾಡ.

ಮಾಡಿಸಬಾರದ್ದು: ವೈರ್ ವ್ಹೀಲ್ ಹಬ್, ಸ್ಟಿಯರಿಂಗ್ ಬಾಲ್ ಜಾಯಿಂಟ್, ಬ್ರೇಕ್ ಕ್ಯಾಲಿಪರ್ ಪಿಸ್ಟನ್. ಆಕಾರ ಮಾಡಬಹುದು, ಉಕ್ಕು ಯಾವ್ದು, ಗಟ್ಟಿತನ ಎಷ್ಟು ಅಂತ ಯಾರ ಜವಾಬ್ದಾರಿ ತಗೋತಾರ?

---

ಗುಮ್ಮಟ_28

ವಿಜಯಪುರದಿಂದ. ಗಾಲಿ ನಟ್ಟಿನ ವಿಷಯಕ್ಕೆ ಮಾತ್ರ ಉತ್ತರ, ಯಾಕೆಂದರೆ ಉಳಿದದ್ದಕ್ಕೆ ಪುರುಸೊತ್ತಿದೆ, ಇದಕ್ಕಿಲ್ಲ.

ಬಲಗಡೆಯ ಹಬ್ ಎಡಗೈ ಥ್ರೆಡ್ಡಿನದು, ಎಡಗಡೆಯದು ಮಾಮೂಲಿ ಬಲಗೈ ಥ್ರೆಡ್ಡಿನದು. ನೆನಪಿಡುವ ದಾರಿ: ಗಾಡಿ ಮುಂದೆ ಹೋಗುವಾಗ ಗಾಲಿ ಯಾವ ಕಡೆ ತಿರುಗುತ್ತದೋ ಆ ಕಡೆ ತಿರುಗಿಸಿದರೆ ನಟ್ ಬಿಚ್ಚಬೇಕು. ಕೇಳಿದರೆ ಉಲ್ಟಾ ಅನಿಸುತ್ತದೆ. ಆದರೆ ಗಾಲಿ ಹಬ್ಬಿನ ಮೇಲೆ ಕೂದಲೆಳೆಯಷ್ಟು ಆಡುತ್ತಿರುತ್ತದೆ, ಆ ಆಟವೇ ನಟ್ಟನ್ನು ತಿರುಗುವ ದಿಕ್ಕಿಗೆ ಎದುರಾಗಿ ತಳ್ಳಿ ತಾನೇ ಬಿಗಿ ಮಾಡುತ್ತದೆ. ಹಬ್ ತಪ್ಪು ಕಡೆ ಹಾಕಿದ್ದರೆ ಅದೇ ಆಟ ನಟ್ಟನ್ನು ಬಿಚ್ಚುತ್ತದೆ, ಎಷ್ಟು ಹೊಡೆದರೂ ನಿಲ್ಲುವುದಿಲ್ಲ. ಬಲಗಡೆ ನಟ್ ಗಡಿಯಾರದ ದಿಕ್ಕಿಗೆ ತಿರುಗಿಸಿದಾಗ ಬಿಗಿಯಾಗುತ್ತಿದೆಯಾ? ಹಾಗಾದರೆ ಹಬ್ ತಪ್ಪು.

ಥ್ರೆಡ್ ಸರಿ ಇದ್ದರೆ ಸ್ಪ್ಲೈನ್ (ಹಬ್ಬೂ ಗಾಲಿಯೂ ಒಂದಕ್ಕೊಂದು ಹಿಡಿಯುವ ಹಲ್ಲುಗಳು) ನೋಡಿ. ಗಾಲಿ ಮೇಲೆತ್ತಿ, ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ, ಇನ್ನೊಬ್ಬರು ಗಾಲಿಯನ್ನು ಹಿಂದೆ ಮುಂದೆ ತಿರುಗಿಸಲಿ. ಟಕ್ ಟಕ್ ಅಂದರೆ ಸ್ಪ್ಲೈನ್ ಸವೆದಿದೆ. ಹಲ್ಲಿನ ತುದಿ ಕತ್ತಿಯಂತೆ ಚೂಪಾಗಿದ್ದರೆ ಅದೇ. ಹೊಸ ಹಬ್ಬಿಗೆ ಸವೆದ ಗಾಲಿ ಹಾಕಿದರೆ ಹೊಸ ಹಬ್ಬೂ ಬೇಗ ಸವೆಯುತ್ತದೆ, ಹಾಗಾಗಿ ಎರಡನ್ನೂ ಒಟ್ಟಿಗೆ ಬದಲಿಸಬೇಕು. ಸ್ಪ್ಲೈನಿಗೂ ಎರಡು ಕೋನ್ ಮುಖಕ್ಕೂ ತೆಳ್ಳಗೆ ಗ್ರೀಸ್.

ಆರ್ಡರ್ ಮಾಡುವಾಗ ಇನ್ನೊಂದು ಹೊಂಡ: 1967ರವರೆಗಿನ ರೋಡ್‌ಸ್ಟರಿಗೆ ಬ್ಯಾಂಜೊ ಅನ್ನುವ ಮಾದರಿಯ ಹಿಂದಿನ ಆಕ್ಸಲ್, ಹಬ್ ಥ್ರೆಡ್ ಇಂಚಿಗೆ 12 ಹಲ್ಲು. ಆಮೇಲೆ ಬಂದ ಟ್ಯೂಬ್ ಆಕ್ಸಲ್ಲಿನ ಹಬ್ ಇಂಚಿಗೆ 8. ಡಿಫರೆನ್ಷಿಯಲ್ ಮುಂದಿನಿಂದ ಬಿಚ್ಚುವಂತಿದ್ದು ಹಿಂದೆ ಮುಚ್ಚಳ ಇಲ್ಲದಿದ್ದರೆ ಬ್ಯಾಂಜೊ. ಹಿಂದೆ ಬೋಲ್ಟ್ ಹಾಕಿದ ಮುಚ್ಚಳ ಇದ್ದರೆ ಟ್ಯೂಬ್. ನಾಲ್ಕು ಹಬ್ಬಿಗೂ ಪಿಚ್ ಗೇಜ್ ಹಿಡಿದು ಬರೆದುಕೊಳ್ಳಿ. ವೈರ್ ವ್ಹೀಲಿನ ಆಕ್ಸಲ್ ಡಿಸ್ಕ್ ವ್ಹೀಲಿನದಕ್ಕಿಂತ ಗಿಡ್ಡ, ಅದಕ್ಕೇ ಆಕ್ಸಲ್ ಬದಲಿಸಿದ ಗಾಡಿಯಲ್ಲಿ ಟೈರು ರೆಕ್ಕೆಗೆ ತಾಗುತ್ತದೆ.

ಬ್ರೇಕಿನ ಬಗ್ಗೆ ಒಂದು ಸಾಲು ಸೇರಿಸುತ್ತೇನೆ. ಈ ಕಾಲದ ಎಂಜಿಬಿಯ ಬ್ರೇಕ್ ಮಾಸ್ಟರ್ ಸಿಲಿಂಡರ್, ಕ್ಲಚ್ ಮಾಸ್ಟರ್ ಸಿಲಿಂಡರ್ ಅಕ್ಕತಂಗಿಯರಂತೆ ಇರುತ್ತವೆ. ವ್ಯತ್ಯಾಸ ಒಳಗೆ ತುದಿಯಲ್ಲಿರುವ ಚೆಕ್ ವಾಲ್ವ್. ಬ್ರೇಕಿನದಕ್ಕೆ ಇದೆ, ಕ್ಲಚ್ಚಿನದಕ್ಕೆ ಇಲ್ಲ. ಬ್ರೇಕ್ ಕಿಟ್ ತಂದು ಎಲ್ಲ ತುಂಡೂ ಕ್ಲಚ್ಚಿಗೆ ಹಾಕಿದರೆ ಲೈನಿನಲ್ಲಿ ಒತ್ತಡ ಉಳಿದು, ಕ್ಲಚ್ ಬಿಡಿಸುವ ಕಾರ್ಬನ್ ರಿಲೀಸ್ ಬೇರಿಂಗ್ ಪ್ಲೇಟಿಗೆ ಸದಾ ತಿಕ್ಕುತ್ತ ಬೇಗ ಮುಗಿಯುತ್ತದೆ.

---

ಶಹಾಪುರ_ಟಿನ್‌ವರ್ಕ್

ಸಿಲ್ (ಬಾಗಿಲ ಕೆಳಗಿನ ತಗಡಿನ ಪೆಟ್ಟಿಗಿ) ಕತ್ತರಸ್ತೀರೇನು? ಯಾರೂ ಕೇಳಿಲ್ಲ, ಆದ್ರೂ ಹೇಳ್ತೀನಿ. ಈ ಗಾಡಿಗೆ ಚಾಸಿ ಬ್ಯಾರೆ ಇಲ್ಲ, ಬಾಡಿನ ಚಾಸಿ. ತೆರೆದ ಗಾಡಿಗೆ ಬಲ ಅಂದ್ರ ಬಾಗಿಲ ಕೆಳಗಿನ ಸಿಲ್. ಹೊರಗಿನ ಸಿಲ್, ನಡುವಿನ ಹಾಳಿ, ಕೆಳಗಿನ ಕ್ಯಾಸಲ್ ರೇಲ್, ಮೂರೂ ಕೂಡಿನ ಒಂದು ಪೆಟ್ಟಿಗಿ. ಹೊರಗಿನ ಸಿಲ್ ಅಷ್ಟ ತರಿಸಿ ಹಳೇ ತುಕ್ಕಿನ ಮ್ಯಾಲ ಹೊದಿಸಿದ್ರ ಬೆಳಗಾವಿಯ ಎರಡು ಮಳಿಗಾಲ ದಾಟೂದಿಲ್ಲ. ಮೂರೂ ತರಸ್ರಿ. ಪ್ಯಾನೆಲ್ ಬ್ರಿಟಿಷ್ ಮೋಟಾರ್ ಹೆರಿಟೇಜಿಂದು ತಗೋರಿ. ಮೂಲ ಡೈ ಅವರ ಹಂತ್ಯಾಕ ಅದಾವ, ಇಡೀ ಬಾಡಿನೂ ಮಾಡ್ತಾರ. ಅಗ್ಗದ್ದರಾಗ ಬಾಗಿಲ ಸಂದು ಕೂಡ್ಸೂದ್ರಾಗ ಜೀವಾ ಹೋಗತೈತಿ.

ಕತ್ತರಿಸೂಕಿಂತ ಮೊದಲ ಬಾಗಿಲಿನ ಎರಡೂ ಕಂಬಕ್ಕ ಚೌಕ ಪೈಪ್ ವೆಲ್ಡ್ ಮಾಡಿ ಅಂತರ ಹಿಡೀರಿ. ಒಂದ ಸಲಕ್ಕ ಒಂದ ಬಾಜೂ. ಟ್ಯಾಕ್ ಹಾಕಿದ ಮ್ಯಾಲ ಬಾಗಿಲಾ, ಮುಂದಿನ ರೆಕ್ಕಿ ಎರಡೂ ಕಟ್ಟಿ ಸಂದು ನೋಡಿ, ಆಮ್ಯಾಲ ಪೂರ್ತಿ ವೆಲ್ಡ್. ಪೇಂಟ್ ಆದಮ್ಯಾಲ ಸಿಲ್ಲಿನೊಳಗ ವ್ಯಾಕ್ಸ್ ಹೊಡಸ್ರಿ, ನೀರಿನ ತೂತು ಮುಚ್ಚಬ್ಯಾಡ್ರಿ.

---

ಟಿಳಕವಾಡಿ_66

ಎಲ್ಲಾರಿಗೂ ಶರಣ್ರಿ. ನೋಡಿದ್ದು: ಮೇನ್ ಕ್ಯಾಪ್ ಐದು, ಸರ್ಕ್ಲಿಪ್ ಐತಿ, ಹಾರೂ ಬೆಂಡಿಕ್ಸ್. ಬ್ಯಾಂಜೊ ಆಕ್ಸಲ್, ನಾಲ್ಕೂ ಹಬ್ 12. ಬಲಗಡೆ ಹಿಂದಿಂದು ಗಡಿಯಾರದ ದಿಕ್ಕಿಗೆ ಬಿಗಿ ಆಗತೈತಿ, ಅಂದ್ರ ಎಡಗಡೆ ಹಬ್ ತಂದು ಬಲಕ್ಕ ಹಾಕ್ಯಾರ. ಮೀಟರ್ ಮತ್ತ ಇಂಜಿನ್ ಪ್ಲೇಟಿಗೆ ಏನ್ ಮಾಡೂಣು?

---

ಹಳೇಗಾಡಿ_ಕೆಎ22

ಹಾಗಾದರೆ 18ಜಿಬಿ, ಗಾಡಿಗೆ ತಕ್ಕ ಇಂಜಿನ್ನೇ. ಬಲಗಡೆಯ ಬ್ಯಾಂಜೊ ಹಬ್ ಒಂದನ್ನು ಎಡಗೈ ಥ್ರೆಡ್ 12 ಅಂತ ಸ್ಪಷ್ಟವಾಗಿ ಬರೆದು ತರಿಸಿ, ಜೊತೆಗೆ ಅದೇ ಕಡೆಯ ನಟ್. ನಟ್ಟಿನ ಮೇಲೆ ಯಾವ ಕಡೆಯದು, ಯಾವ ಕಡೆ ಬಿಚ್ಚಬೇಕು ಅಂತ ಬಾಣದೊಂದಿಗೆ ಒತ್ತಿರುತ್ತದೆ.

ಮೀಟರ್ ಕೆಟ್ಟಿಲ್ಲದಿರಬಹುದು. ಈ ಗಾಡಿ ಕಾರ್ಖಾನೆಯಿಂದ ಪಾಸಿಟಿವ್ ಅರ್ತ್, ಅಂದರೆ ಬ್ಯಾಟರಿಯ ಪ್ಲಸ್ ತುದಿ ಬಾಡಿಗೆ. ಆಲ್ಟರ್ನೇಟರ್ ಹಾಕಿದವರು ಬ್ಯಾಟರಿ ತಿರುಗಿಸಿ ನೆಗೆಟಿವ್ ಅರ್ತ್ ಮಾಡಿದ್ದಾರೆ, ಮೀಟರಿನ ಒಳಗಿನ ವೈರಿಂಗ್ ತಿರುಗಿಸಿಲ್ಲ. ಐದು ಬೇರಿಂಗಿನ ಗಾಡಿಯ ಮೀಟರ್ ಎಲೆಕ್ಟ್ರಾನಿಕ್. ಅದರ ಕರೆಂಟಿನ ದಿಕ್ಕನ್ನೂ ಇಗ್ನಿಷನ್ ವೈರಿನ ಸುತ್ತಿನ ದಿಕ್ಕನ್ನೂ ಬದಲಿಸಿದರೆ ಮುಳ್ಳು ಏಳುತ್ತದೆ. ಇಗ್ನಿಷನ್ ಕಾಯಿಲ್ಲಿನ ಎರಡು ವೈರನ್ನೂ ಅದಲುಬದಲು ಮಾಡಿ. ಮೂಲ ಸ್ಥಿತಿಗೇ ಹೋಗುವುದಾದರೆ ಸಿ40 ಡೈನಮೋ, ಆರ್‌ಬಿ340 ರೆಗ್ಯುಲೇಟರ್ ಎರಡೂ ಬೇಕು. ಜೋಡಿಸಿದ ಮೇಲೆ ಡೈನಮೋವನ್ನು ಪೋಲರೈಸ್ ಮಾಡದೆ (ಬ್ಯಾಟರಿಯ ಅರ್ತಿಗೆ ತಕ್ಕಂತೆ ದಿಕ್ಕು ಕೂಡಿಸದೆ) ಇಂಜಿನ್ ಶುರು ಮಾಡಬೇಡಿ. ಹೊಸ ಎಸ್‌ಯು ಪೆಟ್ರೋಲ್ ಪಂಪ್ ತರಿಸಿದರೆ ಅದು ಯಾವ ಅರ್ತಿನದು ಅಂತ ನೋಡಿ. ಒಳಗೆ ಡಯೋಡ್ ಇರುವ ಪಂಪಿಗೆ ದಿಕ್ಕು ಇದೆ, ಹಳೆಯದಕ್ಕಿರಲಿಲ್ಲ. ಈಗಿನ ಇ20 ಪೆಟ್ರೋಲಿಗೆ ಹಳೇ ರಬ್ಬರ್ ತಡೆಯುವುದಿಲ್ಲ. ಟ್ಯಾಂಕಿನಿಂದ ಕಾರ್ಬುರೇಟರ್ ತನಕ ಆರ್9 ದರ್ಜೆಯ (ಎಥನಾಲ್ ತಡೆಯುವ) ಹೋಸ್ ಹಾಕಿ, ಫ್ಲೋಟ್ ವಾಲ್ವ್ ವೈಟಾನ್ (ಪೆಟ್ರೋಲ್ ತಡೆಯುವ ರಬ್ಬರ್) ತುದಿಯದು ಇರಲಿ.

ಇಂಜಿನ್ ಪ್ಲೇಟನ್ನು ನೀವೇ ಕೊರೆಸಿ ಬಡಿಯಬೇಡಿ. ಹೆರಿಟೇಜ್ ಸರ್ಟಿಫಿಕೇಟಿನ ನಂಬರೂ ಆರ್‌ಸಿಯ ನಂಬರೂ ಒಂದೇ ಇದ್ದರೆ ಆ ಕಾಗದ ಹಿಡಿದು ಮೊದಲು ಆರ್‌ಟಿಒಗೆ ಹೋಗಿ, ಒಪ್ಪಿಗೆಯ ಮೇಲೆ ಪ್ಲೇಟ್. 2021ರ ವಿಂಟೇಜ್ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿ ಮೂಲ ರೂಪದಲ್ಲಿರಬೇಕು. ಚಾಸಿ, ಬಾಡಿ, ಇಂಜಿನ್ನಿನಲ್ಲಿ ಮಾರ್ಪಾಡು ಆಗಿರಬಾರದು. ಹೊಸದಾಗಿ ನೋಂದಾಯಿಸಲು ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಸಿಲ್ ಕೆಲಸದ ಮೊದಲು, ನಡುವೆ, ಆಮೇಲೆ ಫೋಟೋ ತೆಗೆದಿಡಿ. ತುಕ್ಕು ಹಿಡಿದ ಜಾಗಕ್ಕೆ ಅದೇ ಆಕಾರದ ತಗಡು ಹಾಕಿದ್ದು ಅಂತ ತೋರಿಸಲು ಬೇಕಾಗುತ್ತದೆ.

ತರಿಸುವಾಗ ಬೆಲೆ ಹೋಲಿಸುವುದು ಬ್ರಿಟನ್ನಿನ 20 ಶೇಕಡ ವ್ಯಾಟ್ ಕಳೆದ ಬೆಲೆಗೆ. ಹೊರದೇಶಕ್ಕೆ ಕಳಿಸುವ ಸರಕಿಗೆ ಅದು ಬೀಳುವುದಿಲ್ಲ. ಇಲ್ಲಿ ಕಸ್ಟಮ್ಸ್ ಸುಂಕ ಬೀಳುವುದು ಬೆಲೆಗೆ ಸಾಗಣೆ, ವಿಮೆ ಕೂಡಿಸಿದ ಮೊತ್ತದ ಮೇಲೆ, ಅದರ ಮೇಲೆ ಮತ್ತೆ ಐಜಿಎಸ್‌ಟಿ (ಆಮದಿಗೆ ಬೀಳುವ ಜಿಎಸ್‌ಟಿ). ಲಿವರ್ ಶಾಕ್ ಅಬ್ಸಾರ್ಬರ್, ಕ್ಯಾಲಿಪರ್ ಮುಂತಾದವು "ಎಕ್ಸ್‌ಚೇಂಜ್" ಬೆಲೆಯಲ್ಲಿ ಅಗ್ಗ ಕಾಣುತ್ತವೆ, ಆದರೆ ಹಳೆಯದನ್ನು ವಾಪಸ್ ಕಳಿಸುವ ಖರ್ಚಿನಲ್ಲಿ ಉಳಿತಾಯ ಹೋಗುತ್ತದೆ. ಹಳೆಯದನ್ನು ಕೊಡದ್ದಕ್ಕೆ ಬೀಳುವ ಸರ್‌ಚಾರ್ಜ್ ಕಟ್ಟಿ ನೇರವಾಗಿ ತೆಗೆದುಕೊಳ್ಳಿ, ಹಳೆಯದು ನಿಮ್ಮಲ್ಲೇ ಇರಲಿ.

---

ಉದ್ಯಮಬಾಗ_ಲೇಥ್

ಹಬ್ ಬಂದ ಕೂಡ್ಲೆ ಡಬ್ಬಿ ಮ್ಯಾಲಿನ ಚೀಟಿ ನೋಡಿ ಕೂಡಿಸಬ್ಯಾಡ್ರಿ. ಮೊದಲ ನಟ್ ಕೈಲೆ ಹಾಕಿ ತಿರುಗಿಸಿ ನೋಡ್ರಿ. ಗಡಿಯಾರದ ಉಲ್ಟಾ ತಿರುಗಿದಾಗ ಒಳಗ ಹೋಗಬೇಕು.